"ಹಿಂದೆ" ಬಟನ್ ಒತ್ತಿದರೆ ಎಲ್ಲಿಗೆ ಹೋಗಬೇಕು? ಅಡಿಕೆ ಮಂಡಿಯ ಸಾಫ್ಟ್‌ವೇರ್ ಒಂದರ ಪ್ರಕರಣ

ನವೆಂಬರ್ ತಿಂಗಳ ಒಂದು ಸಂಜೆ, ಏಳೂವರೆ ಹೊತ್ತಿಗೆ, ಶಿವಮೊಗ್ಗದ ಅಡಿಕೆ ಮಂಡಿಯೊಂದರಿಂದ ನನಗೆ ಫೋನ್ ಬಂತು. ಮಾತಾಡಿದ್ದು ಮಂಡಿಯ ಸಾಹುಕಾರರು. ದಿನದ ಲೆಕ್ಕ ಕೂಡುತ್ತಿಲ್ಲ, ಮುಂಗಡದ ರಿಜಿಸ್ಟರಿಗೂ ರೈತರ ಖಾತೆಗೂ 25,000 ರೂಪಾಯಿ ವ್ಯತ್ಯಾಸ ಬರ್ತಿದೆ ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಸಾಫ್ಟ್‌ವೇರ್ ತಪ್ಪೋ, ಕೂತವರ ತಪ್ಪೋ, ನೋಡಿ ಹೇಳಿ."

ಕೂತವರು ಅಂದರೆ ಅಲ್ಲಿಯ ಗುಮಾಸ್ತರು. 22 ವರ್ಷ ಅದೇ ಮಂಡಿಯಲ್ಲಿ ಲೆಕ್ಕ ಬರೆದವರು. ಕಂಪ್ಯೂಟರ್ ಬರುವ ಮೊದಲು ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ರಾತ್ರಿ ಊಟಕ್ಕೆ ಹೋಗದೆ ಹುಡುಕುವ ಮನುಷ್ಯ. ಆ ಸಂಜೆ ಎರಡು ಗಂಟೆ ಅವರ ಮೇಲೆ ಅನುಮಾನ ಇತ್ತು. ತಪ್ಪು ಮಾಡಿದ್ದು ಅವರಲ್ಲ, ನಾನು ಬರೆದ ಪ್ರೋಗ್ರಾಂ. ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅಂತ ನನಗೆ ಅನ್ನಿಸಿದ್ದು ಆ ಎರಡು ಗಂಟೆಯ ಕಾರಣಕ್ಕೆ.

ಮಂಡಿಯ ಹೆಸರು, ಜನರ ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಕೆಲಸದ ಕ್ರಮ, ನಾನು ತೆಗೆದುಕೊಂಡ ತೀರ್ಮಾನಗಳು ಇದ್ದ ಹಾಗೇ ಇವೆ.

ಮಂಡಿಯ ಕೆಲಸ, ಪ್ರೋಗ್ರಾಂ ಬೆಳೆದ ರೀತಿ

ಮಲೆನಾಡಿನ ಹೊರಗಿನವರಿಗೆ ಒಂದು ಮಾತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬೆಳೆಗಾರರು ಒಣಗಿಸಿದ ಅಡಿಕೆಯನ್ನು ಚೀಲದಲ್ಲಿ ಮಂಡಿಗೆ ತರುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಬಗೆ. ತೂಕ ಆಗುತ್ತದೆ, ಟೆಂಡರ್ ಆಗುತ್ತದೆ, ದರ ಬಿದ್ದ ಮೇಲೆ ಮಂಡಿಯವರು ರೈತರಿಗೆ ಪಟ್ಟಿ ಕೊಡುತ್ತಾರೆ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಮುಂಗಡ ಕಳೆದು ಕೈಗೆ ಎಷ್ಟು, ಎಲ್ಲ ಆ ಪಟ್ಟಿಯಲ್ಲಿರುತ್ತದೆ. ಮುಂಗಡ ಅನ್ನುವುದು ಇಲ್ಲಿ ದೊಡ್ಡ ವಿಷಯ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ, ಆಮೇಲೆ ಅಡಿಕೆ ಗೊನೆ ಕೊಯ್ಲಿನ ಕೂಲಿಗೆ, ಮಕ್ಕಳ ಫೀಸಿಗೆ, ರೈತರು ಮಂಡಿಯಿಂದ ದುಡ್ಡು ತಂದಿರುತ್ತಾರೆ. ಅಡಿಕೆ ತಂದಾಗ ಅದು ಮುರಿದುಕೊಳ್ಳುತ್ತದೆ. ಕ್ವಿಂಟಲ್ ರಾಶಿಗೆ ನಲವತ್ತೈವತ್ತು ಸಾವಿರ ಇದ್ದ ಆ ಕಾಲದಲ್ಲಿ ಪಟ್ಟಿಯ ಒಂದು ಸಾಲು ತಪ್ಪಿದರೂ ಅದು ಒಂದು ಮನೆಯ ತಿಂಗಳ ಖರ್ಚು.

ಈ ಮಂಡಿಗೆ ನಾನು ಸಿ ಶಾರ್ಪ್‌ನಲ್ಲಿ, ವಿಂಡೋಸ್ ಫಾರ್ಮ್ಸ್ ಬಳಸಿ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೊದಲನೆಯದು ಪ್ರೋಗ್ರಾಂ ಬರೆಯುವ ಭಾಷೆ, ಎರಡನೆಯದು ವಿಂಡೋಗಳನ್ನು ಕಟ್ಟುವ ಸಲಕರಣೆ. ಅದರಲ್ಲಿ ಒಂದೊಂದು ವಿಂಡೋಗೂ ಫಾರ್ಮ್ ಅಂತ ಹೆಸರು. ಶುರುವಿನಲ್ಲಿ ಒಂದು ಮೆನು, ಅದರ ಕೆಳಗೆ ಮೂರೇ ವಿಂಡೋ. ಆವಕ, ಪಟ್ಟಿ, ಖಾತೆ. ಮೆನುವಿನಲ್ಲಿ "ಪಟ್ಟಿ" ಒತ್ತಿದರೆ ಹೊಸ ಪಟ್ಟಿ ಫಾರ್ಮ್ ಹುಟ್ಟುತ್ತದೆ, ಮೆನು ಮರೆಯಾಗುತ್ತದೆ. ಪಟ್ಟಿಯಲ್ಲಿ "ಹಿಂದೆ" ಒತ್ತಿದರೆ ಹೊಸ ಮೆನು ಹುಟ್ಟುತ್ತದೆ, ಪಟ್ಟಿ ಮರೆಯಾಗುತ್ತದೆ. ಒಂದು ಶೋ (ತೋರಿಸು), ಒಂದು ಹೈಡ್ (ಮರೆಮಾಡು). ಅಷ್ಟೇ.

ಇದನ್ನು ನಮ್ಮಲ್ಲಿ ಬಹಳ ಜನ ಹೀಗೇ ಬರೆಯುತ್ತಾರೆ. ಡಿಪ್ಲೊಮಾ ಲ್ಯಾಬಿನಲ್ಲಿ ನಮಗೆ ಕಲಿಸಿದ್ದೂ ಹೀಗೇ. 1998ರಲ್ಲಿ ಬಂದ ವಿಬಿ 6 (ವಿಷುವಲ್ ಬೇಸಿಕ್) ಕಾಲದಿಂದಲೂ ಈ ರೂಢಿ ಇದೆ. ಲಾಗಿನ್ ಫಾರ್ಮ್ ಮರೆಮಾಡು, ಮುಖ್ಯ ಫಾರ್ಮ್ ತೋರಿಸು. ಎರಡು ಫಾರ್ಮಿನ ಕಾಲೇಜು ಪ್ರಾಜೆಕ್ಟಿಗೆ ಏನೂ ತೊಂದರೆ ಆಗುವುದಿಲ್ಲ. ಆದರೆ ಮರೆಯಾದ ಫಾರ್ಮ್ ಸತ್ತಿರುವುದಿಲ್ಲ, ಅಲ್ವಾ. ಅದು ಮೆಮೊರಿಯಲ್ಲಿ ಹಾಗೇ ಕೂತಿರುತ್ತದೆ, ತಾನು ಕೊನೆಯ ಸಲ ನೋಡಿದ ಅಂಕಿಗಳನ್ನು ಹಿಡಿದುಕೊಂಡು. ಆರು ವರ್ಷದಲ್ಲಿ ಮೂರು ವಿಂಡೋ 14 ಆದವು. ಮುಂಗಡ ಬಂತು, ಟೆಂಡರ್ ದರ ಬಂತು, ಖರೀದಿದಾರರ ಬಿಲ್, ಖಾಲಿ ಚೀಲದ ಲೆಕ್ಕ, ಬ್ಯಾಂಕ್ ಪಾವತಿ ಬಂತು. ಪ್ರತಿಯೊಂದಕ್ಕೂ ನಾನು ಅದೇ ಶೋ, ಹೈಡ್ ಸಾಲುಗಳನ್ನು ಅಂಟಿಸುತ್ತಾ ಹೋದೆ.

ದೂರುಗಳು ಹಿಂದಿನ ಸೀಸನ್ನಿನಲ್ಲೇ ಶುರುವಾಗಿದ್ದವು. ಮಧ್ಯಾಹ್ನದ ಮೇಲೆ ಪ್ರೋಗ್ರಾಂ ಎಳೆಯುತ್ತದೆ ಅನ್ನುವುದು ಒಂದು. ಮುಚ್ಚಿ ಮತ್ತೆ ತೆಗೆದರೆ "ಈಗಾಗಲೇ ಓಡುತ್ತಿದೆ" ಅಂತ ಬರುತ್ತದೆ, ಒಳಗೇ ಬಿಡುವುದಿಲ್ಲ ಅನ್ನುವುದು ಇನ್ನೊಂದು. ಅರ್ಧ ಬರೆದ ಪಟ್ಟಿ ಬಿಟ್ಟು ಬೇರೆ ಕಡೆ ಹೋಗಿ ಬಂದರೆ ಬರೆದದ್ದು ಮಾಯ ಅನ್ನುವುದು ಮೂರನೆಯದು.

ನಾನು ಇವನ್ನು ಮೂರು ಬೇರೆ ಬೇರೆ ಕಾಯಿಲೆ ಅಂದುಕೊಂಡೆ. ಮೂರಕ್ಕೂ ಬೇರೆ ಬೇರೆ ಮದ್ದು ಕೊಟ್ಟೆ. ಈ ಪ್ರಕರಣದಲ್ಲಿ ನನ್ನ ಮೊದಲ ತಪ್ಪು ತೀರ್ಮಾನ ಅದೇ.

ಎಳೆಯುವುದಕ್ಕೆ, ಊಟದ ಹೊತ್ತಿಗೆ ಒಮ್ಮೆ ಮುಚ್ಚಿ ತೆಗೆಯಿರಿ ಅಂದೆ. "ಈಗಾಗಲೇ ಓಡುತ್ತಿದೆ" ಅನ್ನುವುದಕ್ಕೆ, ಯಾವ ವಿಂಡೋದ ಎಕ್ಸ್ ಒತ್ತಿದರೂ ಇಡೀ ಪ್ರೋಗ್ರಾಂ ಅಲ್ಲಿಗೇ ನಿಲ್ಲುವಂತೆ ಮಾಡಿದೆ. ಎನ್ವಿರಾನ್‌ಮೆಂಟ್ ಎಕ್ಸಿಟ್ ಅನ್ನುವ ಒಂದು ಸಾಲು. ಅದು ಯಾರನ್ನೂ ಏನೂ ಕೇಳುವುದಿಲ್ಲ, ಉಳಿಸಬೇಕಾ ಅಂತಲೂ ಕೇಳುವುದಿಲ್ಲ. ಖಾತೆ ನೋಡಿ ಎಕ್ಸ್ ಒತ್ತಿದರೆ ಬೇರೆ ಕಡೆ ಬರೆಯುತ್ತಿದ್ದ ಪಟ್ಟಿಯೂ ಹೋಯಿತು. ಎರಡು ಸಲ ಹೀಗಾದ ಮೇಲೆ ಗುಮಾಸ್ತರು ಮಾನಿಟರಿನ ಬಲ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿದರು. ನೀಲಿ ಪೆನ್ನಿನಲ್ಲಿ "ಇಲ್ಲಿ ಒತ್ತಬೇಡಿ" ಅಂತ ಬರೆದಿತ್ತು, ಕೆಳಗೆ ಎರಡು ಗೆರೆ. ನಾನು ಆ ಚೀಟಿ ನೋಡಿದ್ದೆ. ಅದು ನನ್ನ ಕೋಡಿನ ಮೇಲೆ ಬರೆದ ದೂರು ಅಂತ ಆಗ ಹೊಳೆಯಲಿಲ್ಲ.

ಮಾಯವಾಗುವ ಪಟ್ಟಿಗೆ ಕೊಟ್ಟ ಮದ್ದೇ ನವೆಂಬರಿನಲ್ಲಿ ಎಲ್ಲರನ್ನೂ ಸಿಕ್ಕಿಸಿದ್ದು. ಮೆನುವಿನಲ್ಲಿ "ಪೂರ್ತಿಯಾಗದ ಪಟ್ಟಿ" ಅಂತ ಒಂದು ಬಟನ್ ಇಟ್ಟೆ. ಒತ್ತಿದರೆ ಮೆಮೊರಿಯಲ್ಲಿ ಮರೆಯಾಗಿ ಕೂತಿರುವ ಪಟ್ಟಿ ಫಾರ್ಮ್ ಹುಡುಕಿ ಮುಂದೆ ತರುತ್ತದೆ.

ಆ ದಿನ ಆಗಿದ್ದು

ಬೆಳಿಗ್ಗೆ ಹೊಸನಗರದ ಕಡೆಯ ರೈತರೊಬ್ಬರ 11 ಚೀಲ ರಾಶಿಯ ಪಟ್ಟಿ ಶುರುವಾಯಿತು. ಅವರ ಮುಂಗಡದ ಬಾಕಿ 1,40,000. ಪಟ್ಟಿ ವಿಂಡೋ ತೆಗೆದಾಗಲೇ ಆ ಅಂಕಿ ಡೇಟಾಬೇಸಿನಿಂದ ಬಂದು ಕೂತಿತು. ಗುಮಾಸ್ತರು ಚೀಲದ ತೂಕ ಬರೆಯುತ್ತಿರುವಾಗ ರೈತರ ಮಗ ಬಂದು, ಕೊಯ್ಲಿನವರಿಗೆ ಕೂಲಿ ಕೊಡಬೇಕು, 25,000 ಬೇಕಿತ್ತು ಅಂದ. ಗುಮಾಸ್ತರು ಪಟ್ಟಿ ಬಿಟ್ಟು ಮುಂಗಡದ ವಿಂಡೋಗೆ ಹೋದರು, ಬರೆದರು, ಉಳಿಸಿದರು, ದುಡ್ಡು ಕೊಟ್ಟರು. ಈಗ ಬಾಕಿ 1,65,000 ಆಯಿತು.

ಅಲ್ಲಿಂದ "ಹಿಂದೆ" ಒತ್ತಿದರು. ಮೆನು ಬಂತು. "ಪೂರ್ತಿಯಾಗದ ಪಟ್ಟಿ" ಒತ್ತಿದರು. ಬೆಳಗಿನ ವಿಂಡೋ ಬಂತು. ತೂಕಗಳೆಲ್ಲ ಬರೆದ ಹಾಗೇ ಇದ್ದವು. ಬಾಕಿಯೂ ಬೆಳಿಗ್ಗೆ ಇದ್ದ ಹಾಗೇ ಇತ್ತು, 1,40,000. ಅದನ್ನೇ ಕಳೆದು ಪಟ್ಟಿ ಪ್ರಿಂಟಾಯಿತು. ಹಣ ಹೋಯಿತು. ಖಾತೆಯಲ್ಲಿ ಬಾಕಿ ಸೊನ್ನೆ ಅಂತ ನನ್ನ ಪ್ರೋಗ್ರಾಂ ಬರೆದುಬಿಟ್ಟಿತು.

ಕೌಂಟರಿನಲ್ಲಿ ಕೂತವರು ಯಾವ ಹೆಜ್ಜೆಯನ್ನೂ ತಪ್ಪಾಗಿ ಇಡಲಿಲ್ಲ. ನಾನು ಮನೆಯಿಂದಲೇ ರಿಮೋಟ್‌ನಲ್ಲಿ ನೋಡಿ ಇದನ್ನು ಕಂಡುಹಿಡಿಯುವಾಗ ಒಂಬತ್ತೂವರೆ ಆಗಿತ್ತು. ಸಾಹುಕಾರರಿಗೆ ಫೋನ್ ಮಾಡಿ, ತಪ್ಪು ನನ್ನದು, ದಯವಿಟ್ಟು ಅವರಿಗೆ ಈಗಲೇ ಹೇಳಿ ಅಂದೆ. ರೈತರು ಮಾರನೇ ದಿನ ಫೋನಿನಲ್ಲೇ ಒಪ್ಪಿಕೊಂಡರು, ಮುಂದಿನ ಸಲದ ಅಡಿಕೆಯಲ್ಲಿ ಕಳೆದುಕೊಳ್ಳಿ ಅಂದರು. ದುಡ್ಡಿನ ವಿಷಯ ಅಲ್ಲಿಗೆ ಮುಗಿಯಿತು.

ಆ ರಾತ್ರಿ ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ ಅನ್ನಿಸುತ್ತದೆ. ವಿಂಡೋಗಳ ಗೊಂದಲಕ್ಕೆ ಕೈ ಹಾಕಲಿಲ್ಲ. ಪಟ್ಟಿ ಉಳಿಸುವ ಜಾಗದಲ್ಲಿ, ಅದೇ ಟ್ರಾನ್ಸಾಕ್ಷನ್ನಿನ (ಆದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಡೇಟಾಬೇಸ್ ಕೆಲಸದ) ಒಳಗೆ, ಬಾಕಿಯನ್ನು ಡೇಟಾಬೇಸಿನಿಂದ ಮತ್ತೊಮ್ಮೆ ಓದಿಸಿದೆ. ಪರದೆಯ ಅಂಕಿಗೂ ಅದಕ್ಕೂ ತಾಳೆಯಾಗದಿದ್ದರೆ ಪಟ್ಟಿ ಉಳಿಯುವುದಿಲ್ಲ, ಪ್ರಿಂಟ್ ಆಗುವುದಿಲ್ಲ. ಯಾವ ವಿಂಡೋ ಯಾವಾಗ ತೆರೆದಿತ್ತು ಅನ್ನುವುದರ ಮೇಲೆ ರೈತರ ದುಡ್ಡು ನಿಲ್ಲಬಾರದಿತ್ತು. ಅದು ಮೊದಲ ದಿನದಿಂದಲೇ ಹೀಗಿರಬೇಕಿತ್ತು.

ಡೈಲಾಗಿನ ಮೇಲೆ ಡೈಲಾಗ್

ಡಿಸೆಂಬರಿನಲ್ಲಿ ನನಗೆ ಒಂದು ಸುಲಭದ ದಾರಿ ಕಂಡಿತು. ಹಿಂದಿನ ವಿಂಡೋ ಮರೆಯಾಗುವುದೇ ತೊಂದರೆ ಆದರೆ, ಮರೆಮಾಡುವುದೇ ಬೇಡ. ಪಟ್ಟಿಯ ಮೇಲೆ ಮುಂಗಡವನ್ನು ಡೈಲಾಗಾಗಿ, ಅಂದರೆ ತಾನು ಮುಗಿಯುವ ತನಕ ಹಿಂದಿನದನ್ನು ತಡೆದಿಡುವ ವಿಂಡೋ ಆಗಿ, ಶೋಡೈಲಾಗ್ ಮಾಡಿ ತೆಗೆದರೆ ಪಟ್ಟಿ ಹಿಂದೆ ಕಾಣುತ್ತಲೇ ಇರುತ್ತದೆ. ಮುಂಗಡ ಮುಗಿಸಿದರೆ ತಾನಾಗಿ ಪಟ್ಟಿಗೇ ಬರುತ್ತದೆ, ಬಾಕಿ ಮತ್ತೆ ಓದಿದರಾಯಿತು.

ಎರಡು ದಿನ ಚೆನ್ನಾಗಿತ್ತು. ಆಮೇಲೆ ಮಂಡಿಯ ನಿಜವಾದ ದಿನ ಬಂತು. ಪಟ್ಟಿ ಬರೆಯುತ್ತಿದ್ದಾರೆ, ಅದರ ಮೇಲೆ ಮುಂಗಡ ತೆಗೆದಿದ್ದಾರೆ, ಅಷ್ಟರಲ್ಲಿ ಬೇರೆ ರೈತರು ಬಂದು ನಮ್ಮ ಲಾಟಿಗೆ ದರ ಎಷ್ಟು ಬಿತ್ತು ಅಂತ ಕೇಳುತ್ತಾರೆ. ನೋಡಲು ದಾರಿಯಿಲ್ಲ. ಎದುರಿನ ಡೈಲಾಗ್ ಮುಗಿಸುವ ತನಕ ಹಿಂದಿನದು ಯಾವುದೂ ಅಲುಗುವುದಿಲ್ಲ. ಒತ್ತಿದರೆ ಟಿಣ್ ಅಂತ ಸದ್ದು ಬರುತ್ತದೆ, ಅಷ್ಟೇ. ಕೌಂಟರಿನಾಚೆ ನಿಂತವರಿಗೆ ಆ ಟಿಣ್ ಟಿಣ್ ಕೇಳಿಸುತ್ತಿತ್ತು.

ಇನ್ನೊಂದು ವಿಚಿತ್ರವೂ ಆಯಿತು. ಕೆಲವು ಡೈಲಾಗುಗಳನ್ನು ತೆಗೆಯುವಾಗ ಅದರ ಮಾಲೀಕ ವಿಂಡೋ ಯಾವುದು, ಅಂದರೆ ಅದು ಯಾವುದರ ಮೇಲೆ ಕೂರಬೇಕು ಅಂತ ನಾನು ಕೋಡಿನಲ್ಲಿ ಹೇಳಿರಲಿಲ್ಲ. ಗುಮಾಸ್ತರು ಪ್ರಿಂಟ್ ಕೊಟ್ಟು ಅಷ್ಟರಲ್ಲಿ ಟೆಂಡರ್ ನೋಡಲು ಬ್ರೌಸರಿಗೆ ಹೋಗಿದ್ದರೆ, ಆಗ ಹುಟ್ಟಿದ ಡೈಲಾಗ್ ಎಲ್ಲದರ ಹಿಂದೆ ಹೋಗಿ ಅಡಗುತ್ತಿತ್ತು. ಮುಂದೆ ಕಾಣುವ ವಿಂಡೋ ಮಾತು ಕೇಳುವುದಿಲ್ಲ, ಉತ್ತರ ಕೇಳುತ್ತಿರುವ ವಿಂಡೋ ಕಾಣುವುದಿಲ್ಲ. ಹ್ಯಾಂಗ್ ಆಯ್ತು ಅಂತ ಅವರು ಕಂಪ್ಯೂಟರನ್ನೇ ಆಫ್ ಮಾಡಿದರು.

ಎರಡು ವಾರದಲ್ಲಿ ವಾಪಸ್ ತೆಗೆದೆ. ಪ್ರತಿಯೊಂದನ್ನೂ ಡೈಲಾಗ್ ಮಾಡುವುದು ಅಂದರೆ, ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗುವುದೇ ಇಲ್ಲ ಅಂತ ನಂಬಿದ ಹಾಗೆ. ಸೀಸನ್ನಿನ ಮಂಡಿಯಲ್ಲಿ ಯಾವ ಕೆಲಸವೂ ಒಂದೇ ಉಸಿರಿಗೆ ಮುಗಿಯುವುದಿಲ್ಲ.

ಪಕ್ಕದಲ್ಲಿ ಕೂತ ದಿನ

ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ ಗುಮಾಸ್ತರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಲ್ಯಾಪ್‌ಟಾಪ್ ತೆಗೆಯಲಿಲ್ಲ. ಒಂದು ನೋಟ್‌ಬುಕ್ಕು, ಪೆನ್ನು ಮಾತ್ರ. ಅವರು ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಒಂದು ಗೆರೆ ಎಳೆದೆ, ಪಕ್ಕದಲ್ಲಿ ಯಾಕೆ ಹೋದರು ಅಂತ ಬರೆದೆ.

ಊಟದ ಹೊತ್ತಿಗೆ 64 ಗೆರೆ ಆಗಿದ್ದವು. ಯಾಕೆ ಅನ್ನುವ ಕಡೆ ನೋಡಿದಾಗ ನನಗೆ ಆಶ್ಚರ್ಯ. ಅದರಲ್ಲಿ 41 ಸಲ ಅವರು ಅದೇ ರೈತರ ಇನ್ನೊಂದು ವಿಷಯ ನೋಡಲು ಹೋಗಿದ್ದರು. ಪಟ್ಟಿಯಿಂದ ಅದೇ ರೈತರ ಖಾತೆಗೆ, ಖಾತೆಯಿಂದ ಅವರದೇ ಮುಂಗಡಕ್ಕೆ, ಅಲ್ಲಿಂದ ಅವರ ಹಳೇ ಪಟ್ಟಿಗೆ. ಪ್ರತಿ ಸಲವೂ ಮೆನುವಿಗೆ ಬಂದು, ಹೊಸ ವಿಂಡೋ ತೆಗೆದು, ಊರು ಮತ್ತು ಹೆಸರು ಮತ್ತೆ ಹುಡುಕಬೇಕಿತ್ತು. ಪಕ್ಕದ ಹುಡುಗನಿಗೆ ಅವರು ಒಂದು ಸಲವೂ "ಖಾತೆ ವಿಂಡೋ ತೆಗಿ" ಅನ್ನಲಿಲ್ಲ. "ಆ ಹೊಸನಗರದವರದ್ದು ತೆಗಿ" ಅನ್ನುತ್ತಿದ್ದರು.

ನಾನು ಪ್ರೋಗ್ರಾಮನ್ನು ವಿಂಡೋಗಳಾಗಿ ಹಂಚಿದ್ದೆ. ಅವರ ತಲೆಯಲ್ಲಿ ಅದು ರೈತರಾಗಿ ಹಂಚಿಹೋಗಿತ್ತು.

ಊಟದ ಮೇಲೆ ಚಹಾ ಕುಡಿಯುವಾಗ ಕೇಳಿದೆ, ಮೊದಲು ಪುಸ್ತಕದಲ್ಲಿ ಬರೆಯುವಾಗಲೂ ಹೀಗೇ ಅತ್ತಿಂದಿತ್ತ ಓಡಾಡಬೇಕಿತ್ತಾ ಅಂತ. ಅವರು ಕಪಾಟಿನಿಂದ ಒಂದು ಹಳೇ ಖಾತೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಎಡಗೈಯ ತೋರುಬೆರಳನ್ನು ಒಂದು ಪುಟದೊಳಗೆ ಸಿಕ್ಕಿಸಿ, ಬಲಗೈಯಲ್ಲಿ ಐವತ್ತು ಪುಟ ಮುಂದೆ ಮಗುಚಿದರು.

"ನೋಡು ಮಾರಾಯ, ಇಲ್ಲಿ ಬೆರಳಿಟ್ಕೊಂಡು ಅಲ್ಲಿ ನೋಡ್ತಿದ್ದೆ. ನೋಡಿ ಆದ್ಮೇಲೆ ಬೆರಳಿದ್ದಲ್ಲಿಗೇ ವಾಪಸ್. ಮಧ್ಯೆ ಯಾರಾದ್ರೂ ಕರೆದ್ರೆ ಬೆರಳು ತೆಗೆದು ಪೆನ್ನಿಟ್ಟು ಹೋಗ್ತಿದ್ದೆ. ನಿನ್ನ ಕಂಪ್ಯೂಟರಲ್ಲಿ ಬೆರಳಿಡೋಕೆ ಜಾಗ ಎಲ್ಲಿದೆ?"

ಆಮೇಲೆ ಕಟ್ಟಿದ್ದೆಲ್ಲ ಈ ಮಾತಿನ ಮೇಲೆಯೇ.

ಅದೇ ದಿನ ಮೂರೂಕಾಲಿಗೆ, ನನ್ನ ಕಣ್ಣೆದುರೇ, ಪ್ರೋಗ್ರಾಂ ನಿಂತಿತು. "ಎರರ್ ಕ್ರಿಯೇಟಿಂಗ್ ವಿಂಡೋ ಹ್ಯಾಂಡಲ್" ಅಂತ ಬಂತು, ಹೊಸ ವಿಂಡೋ ಮಾಡಲಾಗುತ್ತಿಲ್ಲ ಅಂತ ಅರ್ಥ. ಅಂದು ಗಿರಾಕಿ ಜಾಸ್ತಿ ಇದ್ದುದರಿಂದ ಮಧ್ಯಾಹ್ನ ಮುಚ್ಚಿ ತೆಗೆಯಲು ಪುರುಸೊತ್ತಾಗಿರಲಿಲ್ಲ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಯೂಸರ್ ಆಬ್ಜೆಕ್ಟ್ಸ್ ಅನ್ನುವ ಕಾಲಂ ಹಾಕಿ ನೋಡಿದೆ. ಅಂಕಿ ಹತ್ತು ಸಾವಿರದ ಅಂಚಿನಲ್ಲಿತ್ತು. ವಿಂಡೋಸ್ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 10,000 ಯೂಸರ್ ಆಬ್ಜೆಕ್ಟ್ ಮಾತ್ರ ಕೊಡುತ್ತದೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಒಂದೊಂದು ಬಟನ್ನು, ಒಂದೊಂದು ಲೇಬಲ್ಲು, ಬರೆಯುವ ಒಂದೊಂದು ಖಾನೆಯೂ ಆ ಲೆಕ್ಕಕ್ಕೆ ಬರುತ್ತದೆ. ನನ್ನ ಒಂದು ಫಾರ್ಮಿನಲ್ಲಿ ಎಂಬತ್ತರಷ್ಟು ಇದ್ದವು. ಬೆಳಗಿನಿಂದ ನೂರಿಪ್ಪತ್ತು ಫಾರ್ಮ್ ಹುಟ್ಟಿ ಮರೆಯಾಗಿ ಕೂತಿದ್ದವು, ಕಣ್ಣಿಗೆ ಕಾಣುತ್ತಿದ್ದುದು ಒಂದು. ಎಳೆಯುವುದು, ಮುಚ್ಚಿದರೂ ಸಾಯದಿರುವುದು, ಹಳೇ ಬಾಕಿ ತೋರಿಸುವುದು, ಮೂರೂ ಒಂದೇ ಬೇರಿನವು ಅಂತ ನನಗೆ ಅರ್ಥವಾಗಲು ಒಂದೂವರೆ ವರ್ಷ ಬೇಕಾಯಿತು.

ಬೆರಳಿಡುವ ಜಾಗ

ಸೀಸನ್ ಮುಗಿಯುವ ತನಕ ದೊಡ್ಡದೇನೂ ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡಿದೆವು. ದುಡ್ಡು ತಪ್ಪದಂತೆ ಕಾವಲು ಇದೆ, ಉಳಿದದ್ದಕ್ಕೆ ಮಧ್ಯಾಹ್ನ ಮುಚ್ಚಿ ತೆಗೆಯುವುದು ನಡೆಯಲಿ. ಜುಲೈ ಮಳೆಯಲ್ಲಿ ಮಂಡಿ ಸ್ವಲ್ಪ ತಣ್ಣಗಿರುತ್ತದೆ, ಆಗ ಹೊಸದು ಹಾಕೋಣ ಅಂದೆ. ಸಾಹುಕಾರರು ಬೇಗ ಆಗಲ್ವಾ ಅಂದರು. ಜನ ಸಾಲು ನಿಂತಿರುವಾಗ ಕೈಗೆ ರೂಢಿಯಾದದ್ದನ್ನು ಬದಲಿಸುವುದು ಸರಿಯಲ್ಲ ಅಂತ ಗುಮಾಸ್ತರೇ ನನ್ನ ಪರ ಮಾತಾಡಿದರು.

ಒಂದೇ ದೊಡ್ಡ ವಿಂಡೋ ಇಟ್ಟೆ. ಎಡಗಡೆ ಒಂದು ಪಟ್ಟೆಯಲ್ಲಿ ಶುರುವಾಗಿ ಮುಗಿಯದ ಕೆಲಸಗಳ ಸಾಲು. ಅದರಲ್ಲಿ ವಿಂಡೋದ ಹೆಸರಿಲ್ಲ. ಊರು, ರೈತರ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ "11 ಚೀಲ ರಾಶಿ, ತೂಕ ಬರೆಯುತ್ತಿದೆ" ಅನ್ನುವಂಥ ಒಂದು ಸಾಲು. ಒತ್ತಿದರೆ ಬಲಗಡೆ ಅದೇ ಕೆಲಸ, ಕರ್ಸರ್ ಎಲ್ಲಿತ್ತೋ ಅದೇ ಖಾನೆಯಲ್ಲಿ. ದೊಡ್ಡ ವಿಂಡೋದೊಳಗೆ ಸಣ್ಣ ವಿಂಡೋಗಳನ್ನು ತೇಲಿಬಿಡುವ ಎಂಡಿಐ ಕ್ರಮವನ್ನೂ ಯೋಚಿಸಿದ್ದೆ. ಒಂದರ ಮೇಲೊಂದು ಬಿದ್ದು ಮುಚ್ಚಿಕೊಳ್ಳುತ್ತವೆ, ಆಗ ಮತ್ತೆ ಹುಡುಕಾಟವೇ. ಬಿಟ್ಟೆ.

ಕೋಡಿನೊಳಗೆ ಬದಲಾಗಿದ್ದು ಒಂದೇ ನಿಯಮ. ಯಾವ ಫಾರ್ಮೂ ಇನ್ನೊಂದು ಫಾರ್ಮನ್ನು ತಾನೇ ಹುಟ್ಟಿಸುವಂತಿಲ್ಲ. ಅದರ ಹೆಸರೂ ಗೊತ್ತಿರಬಾರದು. "ಈ ರೈತರ ಖಾತೆ ತೋರಿಸು" ಅಂತ ನಡುವಿನ ಒಬ್ಬನನ್ನು ಕೇಳಬೇಕು. ಆ ನಡುವಿನ ಕ್ಲಾಸಿಗೆ (ಕೋಡಿನ ತುಣುಕಿಗೆ) ನಾನು ದಾರಿಗಾರ ಅಂತ ಹೆಸರಿಟ್ಟೆ. ಆ ರೈತರ ಆ ಪುಟ ಈಗಾಗಲೇ ತೆರೆದಿದ್ದರೆ ದಾರಿಗಾರ ಅದನ್ನೇ ಮುಂದೆ ತರುತ್ತಾನೆ, ಇಲ್ಲದಿದ್ದರೆ ಹೊಸದು ಮಾಡುತ್ತಾನೆ. ಎಲ್ಲಿಂದ ಬಂದೆವು ಅನ್ನುವುದನ್ನು ಒಂದರ ಮೇಲೊಂದು ಪೇರಿಸಿಟ್ಟುಕೊಳ್ಳುತ್ತಾನೆ. "ಹಿಂದೆ" ಒತ್ತಿದರೆ ಪೇರಿಕೆಯ ಮೇಲಿನದಕ್ಕೆ ಹೋಗುತ್ತದೆ. ಹೊಸ ಮೆನುವಿಗಲ್ಲ, ಹೊಸ ಪಟ್ಟಿಗೂ ಅಲ್ಲ, ಬಂದ ಜಾಗಕ್ಕೆ.

ಇಷ್ಟು ಬರೆಯುವುದು ಕಷ್ಟವಾಗಲಿಲ್ಲ. ನಾನು ಜಾಸ್ತಿ ದಿನ ತಲೆ ಕೆಡಿಸಿಕೊಂಡಿದ್ದು ಬೇರೆ ಪ್ರಶ್ನೆಗೆ. ವಾಪಸ್ ಬಂದಾಗ ಪುಟದಲ್ಲಿ ಏನು ಕಾಣಬೇಕು?

ಮೊದಲು, ವಾಪಸ್ ಬಂದ ಕೂಡಲೇ ಎಲ್ಲವನ್ನೂ ಡೇಟಾಬೇಸಿನಿಂದ ಹೊಸದಾಗಿ ಓದಿಸಿದೆ. ಬಾಕಿ ಸರಿಯಾಯಿತು, ಆದರೆ ಇನ್ನೂ ಉಳಿಸದ ತೂಕಗಳು ಅಳಿಸಿಹೋದವು. ಆಗ ಪಟ್ಟಿಯ ಖಾನೆಗಳನ್ನು ಎರಡು ಗುಂಪು ಮಾಡಿದೆ. ಮನುಷ್ಯ ಬರೆದದ್ದು ಒಂದು, ಪ್ರೋಗ್ರಾಂ ತಂದು ತುಂಬಿದ್ದು ಇನ್ನೊಂದು. ತೂಕ, ಚೀಲ, ಷರಾ ಮನುಷ್ಯನವು, ಅವನ್ನು ಯಾರೂ ಮುಟ್ಟಬಾರದು. ಬಾಕಿ, ದರ ಪ್ರೋಗ್ರಾಮಿನವು, ಅವು ಸದಾ ಹೊಸದಾಗಿರಬೇಕು.

ಅದೂ ಸಾಲಲಿಲ್ಲ. ಗುಮಾಸ್ತರಿಗೆ ತೋರಿಸಿದಾಗ ಅವರು ಹೇಳಿದ್ದು ಇದು. "ನಾನು ಆಗಲೇ ಅವರಿಗೆ ಕೈಗೆ ಇಷ್ಟು ಬರುತ್ತೆ ಅಂತ ಬಾಯಲ್ಲಿ ಹೇಳಿರ್ತೀನಿ. ಆಮೇಲೆ ಸುಮ್ನೆ ಅಂಕಿ ಬದಲಾದ್ರೆ ನನ್ನ ಮಾತು ಏನಾಯ್ತು?" ಸರಿಯಾದ ಮಾತು. ಅದಕ್ಕೇ ಈಗ ಬಾಕಿ ಸದ್ದಿಲ್ಲದೆ ಬದಲಾಗುವುದಿಲ್ಲ. ಹಳೇ ಅಂಕಿಯ ಮೇಲೆ ಅಡ್ಡಗೆರೆ ಬೀಳುತ್ತದೆ, ಪಕ್ಕದಲ್ಲಿ ಹಳದಿ ಬಣ್ಣದಲ್ಲಿ ಹೊಸದು ಬರುತ್ತದೆ, ಕೆಳಗೆ ಕಾರಣ. "ಇಂದು 11:20ಕ್ಕೆ ಮುಂಗಡ 25,000". ಎಂಟರ್ ಒತ್ತಿ ಒಪ್ಪಿದ ಮೇಲೆಯೇ ಪಟ್ಟಿ ಮುಂದೆ ಹೋಗುತ್ತದೆ. ರೈತರಿಗೆ ಅದೇ ಸಾಲನ್ನು ಪರದೆ ತಿರುಗಿಸಿ ತೋರಿಸಬಹುದು. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಭಾಗ ಇದು.

ಡೈಲಾಗ್ ಪೂರ್ತಿ ಬಿಡಲಿಲ್ಲ. ಹಣ ಕಳಿಸುವ ಮುನ್ನ ಒಪ್ಪಿಗೆ, ಪಟ್ಟಿ ರದ್ದು ಮಾಡುವಾಗ ಕಾರಣ, ಇಂಥ ಕಡೆ ಆ ಕ್ಷಣವೇ ಉತ್ತರ ಬೇಕು. ಅಲ್ಲಿ ಮಾತ್ರ ಡೈಲಾಗ್, ಅದೂ ಮಾಲೀಕ ವಿಂಡೋವನ್ನು ಹೇಳಿಯೇ. ಎಕ್ಸ್ ಒತ್ತಿದರೆ ಈಗ ಎದುರಿನ ಕೆಲಸ ಮಾತ್ರ ಬದಿಗೆ ಸರಿಯುತ್ತದೆ. ಬರೆದದ್ದು 30 ಸೆಕೆಂಡಿಗೊಮ್ಮೆ ಕರಡಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲವಲ್ಲ.

ಒಂದು ತಾಂತ್ರಿಕ ಪೆಟ್ಟನ್ನು ಇಲ್ಲಿ ಹೇಳಲೇಬೇಕು, ಇದೇ ದಾರಿ ಹಿಡಿದವರಿಗೆ ಉಪಯೋಗಕ್ಕೆ ಬರುತ್ತದೆ. ಹೊಸ ಪ್ರೋಗ್ರಾಂ ಹಾಕಿ ವಾರವಾದರೂ ಯೂಸರ್ ಆಬ್ಜೆಕ್ಟ್ ಏರುತ್ತಲೇ ಇತ್ತು. ಬಲಗಡೆಯ ಪ್ಯಾನೆಲ್ಲಿನಲ್ಲಿ ಪುಟ ಬದಲಿಸುವಾಗ ನಾನು ಕಂಟ್ರೋಲ್ಸ್ ಕ್ಲಿಯರ್ ಅಂತ ಕರೆಯುತ್ತಿದ್ದೆ. ಅದು ಪುಟವನ್ನು ಪ್ಯಾನೆಲ್ಲಿನಿಂದ ಕಳಚುತ್ತದೆ, ಸಾಯಿಸುವುದಿಲ್ಲ. ಕೆಲಸ ಮುಗಿದ ಪುಟಕ್ಕೆ ನಾವೇ ಡಿಸ್ಪೋಸ್, ಅಂದರೆ ಹಿಡಿದದ್ದೆಲ್ಲ ಬಿಟ್ಟುಕೊಡು, ಅಂತ ಹೇಳಬೇಕು. ಶೋಡೈಲಾಗಿನಲ್ಲಿ ತೆಗೆದ ಫಾರ್ಮಿಗೂ ಹಾಗೇ. ಎಕ್ಸ್ ಒತ್ತಿದರೆ ಅದು ಮರೆಯಾಗುತ್ತದೆ ಅಷ್ಟೇ, ಡಿಸ್ಪೋಸ್ ನಮ್ಮ ಕೆಲಸ. ಬಾಕಿ ಬದಲಾದ ಸುದ್ದಿ ಕೇಳಲು ಪುಟಗಳು ಒಂದು ಸ್ಟಾಟಿಕ್ ಇವೆಂಟಿಗೆ (ಪ್ರೋಗ್ರಾಂ ಓಡುವಷ್ಟು ಹೊತ್ತೂ ಇದ್ದು ಸುದ್ದಿ ಹಂಚುವ ವ್ಯವಸ್ಥೆಗೆ) ಹೆಸರು ಕೊಟ್ಟಿದ್ದವು. ಡಿಸ್ಪೋಸ್ ಆಗುವಾಗ ಆ ಹೆಸರನ್ನು ವಾಪಸ್ ತೆಗೆಯದಿದ್ದರೆ ಸತ್ತ ಪುಟವೂ ಮೆಮೊರಿ ಬಿಡುವುದಿಲ್ಲ. ಎರಡನ್ನೂ ಸರಿ ಮಾಡಿದ ಮೇಲೆ ಸಂಜೆಯ ಅಂಕಿ ಸಾವಿರದ ಆಸುಪಾಸಿನಲ್ಲೇ ನಿಂತಿತು.

ಮುಂದಿನ ಸೀಸನ್

ಮುಂದಿನ ಸೀಸನ್ನಿನಲ್ಲಿ ಮಧ್ಯಾಹ್ನ ಮುಚ್ಚಿ ತೆಗೆಯುವುದು ನಿಂತಿತು. ಹಳದಿ ಸಾಲು ದಿನಕ್ಕೆ ಒಂದೆರಡು ಸಲವಾದರೂ ಕಾಣಿಸಿಕೊಳ್ಳುತ್ತದಂತೆ. ಅಂದರೆ ಹಿಂದಿನ ವರ್ಷಗಳಲ್ಲೂ ಅಷ್ಟು ಸಲ ಬಾಕಿ ನಡುವೆ ಬದಲಾಗುತ್ತಿತ್ತು, ಗುಮಾಸ್ತರು ತಮ್ಮ ನೆನಪಿನಿಂದಲೇ ಅದನ್ನು ಸರಿದೂಗಿಸುತ್ತಿದ್ದರು. ಆ ನವೆಂಬರಿನ ದಿನ ನೆನಪು ಒಂದು ಸಲ ಕೈಕೊಟ್ಟಿತ್ತು, ಅಷ್ಟೇ. ಇದನ್ನು ಸಾಹುಕಾರರ ಎದುರು ಕೂತು ನಾನೇ ಹೇಳಿದೆ.

ಒಂದು ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತು. ಒಂದೇ ವಿಂಡೋ ಎಲ್ಲಕ್ಕೂ ಸಾಕು ಅಂದುಕೊಂಡಿದ್ದೆ. ಅಣ್ಣ ತಮ್ಮಂದಿರ ಪಾಲಿನ ತೋಟದ ಅಡಿಕೆ ಒಟ್ಟಿಗೆ ಬಂದಾಗ ಇಬ್ಬರ ಖಾತೆ ಪಕ್ಕಪಕ್ಕ ನೋಡಬೇಕು. ಪುಸ್ತಕದಲ್ಲಿ ಎರಡು ಬೆರಳಿಡುತ್ತಿದ್ದರು. ಹಾಗಾಗಿ "ಬೇರೆ ಮಾಡು" ಅಂತ ಒಂದು ಬಟನ್ ಕೊಟ್ಟೆ, ಪುಟ ಕಳಚಿಕೊಂಡು ಬೇರೆ ವಿಂಡೋ ಆಗುತ್ತದೆ. ಮೊದಲು ಅದಕ್ಕೆ ದೊಡ್ಡ ವಿಂಡೋವನ್ನೇ ಮಾಲೀಕನಾಗಿ ಮಾಡಿದ್ದೆ. ಆಗ ಅದು ಸದಾ ದೊಡ್ಡದರ ಮೇಲೆಯೇ ಕೂತು ಅರ್ಧ ಪರದೆ ಮುಚ್ಚುತ್ತಿತ್ತು. ಮಾಲೀಕನನ್ನು ತೆಗೆದೆ. ದಾರಿಗಾರನ ಲೆಕ್ಕದಲ್ಲಿ ಮಾತ್ರ ಅದು ಇರುತ್ತದೆ, ಪ್ರೋಗ್ರಾಂ ಮುಚ್ಚುವಾಗ ಅದನ್ನೂ ಕೇಳಿ ಮುಚ್ಚುತ್ತದೆ.

ಎಡಗಡೆಯ ಸಾಲಿನ ಬಗ್ಗೆ ಇನ್ನೊಂದು ಯೋಚನೆ ಇತ್ತು. ಏಳು ದಿನ ಯಾರೂ ಮುಟ್ಟದ ಕೆಲಸವನ್ನು ತಾನಾಗಿ ಅಳಿಸಿಬಿಡುವುದು, ಸಾಲು ಉದ್ದವಾಗಬಾರದಲ್ಲ ಅಂತ. ಕೋಡ್ ಕೂಡ ಬರೆದಿಟ್ಟಿದ್ದೆ. ಮೊನ್ನೆ ಮಂಡಿಗೆ ಹೋದಾಗ ಸಾಲಿನ ಕೊನೆಯಲ್ಲಿ ಒಂದು ಪಟ್ಟಿ 17 ದಿನದಿಂದ ಹಾಗೇ ಇತ್ತು. ಚೀಲದ ಎಣಿಕೆ ಬರೆದಿದೆ, ತೂಕ ಖಾಲಿ. ಇದನ್ನು ತೆಗೆಯಲಾ ಅಂತ ಗುಮಾಸ್ತರನ್ನು ಕೇಳಿದೆ.

"ಬೇಡ ಬೇಡ. ಅವರ ಮನೇಲಿ ಮಗಳ ಮದುವೆ. ಮುಗಿಸ್ಕೊಂಡು ಬರ್ತಾರೆ" ಅಂದರು.

ಏಳು ದಿನದ ಕೋಡನ್ನು ಅಲ್ಲೇ ಕೂತು ಅಳಿಸಿದೆ.